ಚುಕ್ಕಿಯಲ್ಲಿ ಕೊರೆದ ಕಿಂಡಿ

ರಜೆ ಸಿಕ್ಕರೆ ಹೊಳಲ್ಕೆರೆಯಿಂದ ಬಸ್ಸು ಹತ್ತಿ ಚಿತ್ರದುರ್ಗಕ್ಕೆ ಹೋಗುತ್ತೇನೆ. ಕೋಟೆಯಲ್ಲಿ ಯಾವುದಾದರೊಂದು ಬಂಡೆಯನ್ನು ಸುತ್ತು ಹಾಕುತ್ತ ಮೊಬೈಲಿನಲ್ಲಿ ನೂರಾರು ಫೋಟೋ ತೆಗೆಯುತ್ತೇನೆ. ರಾತ್ರಿ ಕಂಪ್ಯೂಟರಿಗೆ ಹಾಕಿದರೆ ಅದೇ ಬಂಡೆ ಲಕ್ಷಾಂತರ ಚುಕ್ಕಿಗಳಾಗಿ ಎದ್ದು ನಿಲ್ಲುತ್ತದೆ. ಚುಕ್ಕಿ ಇಟ್ಟು ಇನ್ನೂ ಎಳೆ ಎಳೆಯದ ರಂಗೋಲಿಯಂತೆ ಅದು; ಆದರೂ ಬಂಡೆಯ ಹೊಟ್ಟೆ, ಬೆನ್ನು, ಮಳೆನೀರು ಇಳಿದ ಗೀರು ಎಲ್ಲವೂ ಕಾಣುತ್ತವೆ.

ಬರೀ ಚುಕ್ಕಿಗಳಿಂದ ಮೇಲ್ಮೈ ತೋರಿಸಬಹುದೆಂದು ಮಾರ್ಕ್ ಲೆವಾಯ್ ಮತ್ತು ಟರ್ನರ್ ವಿಟೆಡ್ 1985ರಲ್ಲೇ ಬರೆದಿದ್ದರು. ಅಂಥ ಆಕಾರಗಳನ್ನು ಕೂಡುವ, ಕಳೆಯುವ ಚುರುಕಾದ ದಾರಿಯೊಂದನ್ನು 2003ರಲ್ಲಿ ಬೆಲ್ಜಿಯಂನ ಬಾರ್ಟ್ ಆಡಮ್ಸ್ ಮತ್ತು ಫಿಲಿಪ್ ಡುಟ್ರೆ ತೋರಿಸಿದರು. ನನ್ನನ್ನು ಹಿಡಿದು ಕೂರಿಸಿದ್ದು ಈ ಕಳೆಯುವ ಆಟ.

ಕೋಟೆಯ ಓಬವ್ವನ ಕಿಂಡಿಯ ಮುಂದೆ ನಿಂತು ಬಂದ ದಿನ, ನಾನೂ ಒಂದು ಕಿಂಡಿ ಕೊರೆಯಬೇಕೆನಿಸಿತು. ಚುಕ್ಕಿಬಂಡೆಯೊಳಕ್ಕೆ ಆಳು ನುಸುಳುವಷ್ಟು ದಪ್ಪದ ಚುಕ್ಕಿಕೊಳವೆಯನ್ನು ತೂರಿಸಿದೆ. ಪ್ರತಿ ಚುಕ್ಕಿಯ ಜೊತೆಗೂ ಅದು ಯಾವ ಕಡೆಗೆ ಮುಖ ಮಾಡಿದೆ ಎಂಬುದು ದಾಖಲಾಗಿರುತ್ತದೆ. ಬಂಡೆಯ ಒಂದು ಚುಕ್ಕಿ ಹಿಡಿದು, ಕೊಳವೆಯಲ್ಲಿ ಅದಕ್ಕೆ ತೀರ ಹತ್ತಿರದ ಚುಕ್ಕಿಯನ್ನು ಹುಡುಕುವುದು. ಅದರ ಮುಖದೆದುರು ನಮ್ಮ ಚುಕ್ಕಿ ಇದ್ದರೆ ಕೊಳವೆಯ ಹೊರಗಿದೆ ಎಂದು ಲೆಕ್ಕ. ಬೆನ್ನ ಹಿಂದಿದ್ದರೆ ಒಳಗೆ. ಒಳಗಿದ್ದವನ್ನು ಅಳಿಸುತ್ತ ಹೋದರೆ ಬಂಡೆಯಲ್ಲಿ ತೂತು ಬೀಳುತ್ತದೆ. ಆದರೆ ತೂತಿಗೆ ಗೋಡೆ ಬೇಡವೇ? ಬಂಡೆಯೊಳಗೆ ಸೇರಿದ ಕೊಳವೆಯ ಚುಕ್ಕಿಗಳನ್ನು ಉಳಿಸಿಕೊಂಡು, ಅವುಗಳ ಮುಖ ಹಿಂದುಮುಂದು ಮಾಡಿದರೆ ಸಾಕು, ಅವೇ ಕಿಂಡಿಯ ಒಳಗೋಡೆ! ಅದು ಮೊದಲ ಸಲ ಪರದೆಯ ಮೇಲೆ ಮೂಡಿದಾಗ ಎದ್ದುಹೋಗಿ ಮನೆಯವರನ್ನೆಲ್ಲ ಕರೆದು ತೋರಿಸಿದ್ದೆ.

ಕಿಂಡಿಯ ಬಾಯಿ ಮಾತ್ರ ಸವೆದ ಹಾಗಿತ್ತು. ಬಂಡೆಯೂ ಕೊಳವೆಯೂ ಸಂಧಿಸುವ ಅಂಚು ಚುಕ್ಕಿಗಳ ನಡುವಿನ ಖಾಲಿಯಲ್ಲಿ ಬೀಳುತ್ತದೆ. ಆಡಮ್ಸ್ ಮತ್ತು ಡುಟ್ರೆ ಚುಕ್ಕಿಗಳನ್ನು ಪುಟ್ಟ ಬಿಲ್ಲೆಗಳೆಂದು ಎಣಿಸಿ ಅಂಚಿನ ಬಿಲ್ಲೆಗಳಿಗೆ ಬೇರೆಯೇ ಉಪಚಾರ ಮಾಡಿದರು. ನಾನು ಅಲ್ಲಷ್ಟೇ ಚುಕ್ಕಿಗಳನ್ನು ಒತ್ತಾಗಿ ತುಂಬುತ್ತೇನೆ. ಬಿಸಿಲು ಮಳೆಗೆ ಮೂಲೆ ಕಳೆದುಕೊಂಡ ದುಂಡು ಬಂಡೆಗೆ ಇಷ್ಟು ಸಾಕು. ಉಳಿ ತಾಗಿದ ಬಾಗಿಲುಗಳ ಚೂಪು ಅಂಚಿಗೆ ಸಾಲದು. ಅಲ್ಲಿ ತ್ರಿಕೋನಗಳ ಜಾಲವೇ ಮೇಲು.

ನೀವೂ ಮಾಡಿ ನೋಡುವುದಾದರೆ ಮೋಡ ಕವಿದ ದಿನ ಕೋಟೆ ಹತ್ತಿ. ಬಿಸಿಲಿದ್ದರೆ ಬಂಡೆಯ ನೆರಳು ಗಳಿಗೆಗೊಂದು ಕಡೆ ಸರಿದು ಫೋಟೋಗಳು ಒಂದಕ್ಕೊಂದು ಹೊಂದುವುದಿಲ್ಲ.