ಮನಸ್ಸಿಗೊಂದು ಅಳತೆಗೋಲು

ಬಟ್ಟೆಯನ್ನು ಗಜದಿಂದ ಅಳೆಯಬಹುದು, ಅಕ್ಕಿಯನ್ನು ಸೇರಿನಿಂದ ಅಳೆಯಬಹುದು. ಮನಸ್ಸು ಒಂದು ಕೆಲಸದಲ್ಲಿ ಎಷ್ಟು ನೆಟ್ಟಿತ್ತೆಂಬುದನ್ನು ಯಾವುದರಿಂದ ಅಳೆಯುವುದು? ಬೆಂಗಳೂರಿನ ಗೃಹಸ್ಥರೊಬ್ಬರಿಗೆ ಈ ಪ್ರಶ್ನೆ ಗಂಟುಬಿದ್ದಿತು. 2020ರಲ್ಲಿ ಕಛೇರಿಯೇ ಮನೆಗೆ ಬಂದಮೇಲೆ ಅವರ ದಿನವೆಲ್ಲ ಕಂಪ್ಯೂಟರಿನ ಮುಂದೆಯೇ ಕಳೆಯುತ್ತಿತ್ತು. ಆದರೂ ಸಂಜೆ ಎದ್ದಾಗ ತಾವು ಮಾಡಿದ್ದೇನೆಂಬುದು ಅವರಿಗೇ ತಿಳಿಯುತ್ತಿರಲಿಲ್ಲ. ಕೊನೆಗೆ, ಯಾರ ಒತ್ತಾಯವೂ ಇಲ್ಲದೆ, ಅವರು ತಮ್ಮ ಯಂತ್ರದೊಳಗೆ ಕಾವಲುಗಾರನೊಬ್ಬನನ್ನು ಕೂರಿಸಿದರು. ಬೆರಳು ಎಷ್ಟು ಕೀಲಿ ಒತ್ತಿತು, ಮೌಸ್ ಎಷ್ಟು ಹೊತ್ತು ಅಲುಗಿತು, ಯಾವ ವಿಂಡೋ ಎಷ್ಟು ನಿಮಿಷ ತೆರೆದಿತ್ತು, ಇವನ್ನೆಲ್ಲ ಎಣಿಸಿ ಸಂಜೆಗೆ ನೂರಕ್ಕೆ ಇಷ್ಟೆಂದು ಅಂಕ ಕೊಡುವ ತಂತ್ರಾಂಶವದು.

ಮೊದಲ ದಿನ 61 ಬಂದಿತು. ಹದಿನೈದು ದಿನಗಳಲ್ಲಿ 88ಕ್ಕೆ ಏರಿತು. ಗೃಹಸ್ಥರಿಗೆ ಶಾಲೆಯ ದಿನಗಳ ಉತ್ಸಾಹ ಮರಳಿತು. ಆದರೆ ಅವರಿಗರಿಯದಂತೆ ಒಂದು ದುರಭ್ಯಾಸವೂ ಅಂಟಿಕೊಂಡಿತು. ಯೋಚನೆ ಬೇಡುವ ಕೆಲಸವನ್ನು ನಾಳೆಗೆ ತಳ್ಳಿ, ಬೆರಳು ಬೇಡುವ ಕೆಲಸವನ್ನೇ ಇಂದಿಗೆ ಇಟ್ಟುಕೊಳ್ಳತೊಡಗಿದರು. ದೂರವಾಣಿಯಲ್ಲಿ ಮಾತನಾಡುವಾಗಲೂ ಬಲಗೈ ಸುಮ್ಮನೆ ಮೌಸನ್ನು ಅಲುಗಿಸುತ್ತಿತ್ತು.

ಹೀಗೆ ತಳ್ಳಿದ ಕೆಲಸಗಳಲ್ಲೊಂದು, ಬಿಲ್ಲಿನ ಲೆಕ್ಕದಲ್ಲಿ ಆಗಾಗ ಇಣುಕುವ ಕೆಲವು ಪೈಸೆಗಳ ವ್ಯತ್ಯಾಸ. ಇನ್ನು ಮುಂದೂಡುವಂತಿಲ್ಲವೆಂದಾದ ದಿನ ಅವರು ಯಂತ್ರವನ್ನು ಬಿಟ್ಟೆದ್ದು ವರಾಂಡದಲ್ಲಿ ಶತಪಥ ಹಾಕಿದರು. ಕಾಫಿ ಆರಿತು. ಒಂದೂಕಾಲು ಗಂಟೆಯ ಮೇಲೆ ಥಟ್ಟನೆ ಹೊಳೆಯಿತು: ಒಂದು ಕಡೆ ಬಾಬು ಬಾಬಿಗೂ ಪೈಸೆಯ ಚೂರನ್ನು ಸರಿಹೊಂದಿಸಿ ಕೂಡಲಾಗುತ್ತಿದೆ, ಇನ್ನೊಂದು ಕಡೆ ಕೂಡಿದ ಮೇಲೆ ಸರಿಹೊಂದಿಸಲಾಗುತ್ತಿದೆ, ಎರಡೂ ಹೇಗೆ ತಾಳೆಯಾದೀತು? ಒಳಗೆ ಬಂದು ನಲವತ್ತು ಸಾಲು ಅಳಿಸಿ ನಾಲ್ಕು ಸಾಲು ಬರೆದರು. ಲೆಕ್ಕ ಸರಿಹೋಯಿತು. ಸಂಜೆ ಕಾವಲುಗಾರನ ತೀರ್ಪು: 34. ಆ ಒಂದೂಕಾಲು ಗಂಟೆಗೆ ಅವನಿಟ್ಟ ಹೆಸರು ‘ನಿಷ್ಕ್ರಿಯ’.

ಇಂಥದು ಹಿಂದೆಯೂ ನಡೆದದ್ದುಂಟು. 1982ರಲ್ಲಿ ಆ್ಯಪಲ್ ಸಂಸ್ಥೆಯವರು ‘ಲಿಸಾ’ ಕಂಪ್ಯೂಟರನ್ನು ರೂಪಿಸುತ್ತಿದ್ದಾಗ, ವಾರಕ್ಕೆ ಎಷ್ಟು ಸಾಲು ಬರೆದಿರೆಂದು ಪ್ರತಿಯೊಬ್ಬರೂ ನಮೂನೆ ತುಂಬಿಕೊಡಬೇಕೆಂದು ಮೇಲಿನವರು ಕೇಳಿದರು. ಬಿಲ್ ಅಟ್ಕಿನ್ಸನ್ ಆಗತಾನೆ ಚಿತ್ರ ಬಿಡಿಸುವ ಒಂದು ಭಾಗವನ್ನು ಹೊಸದಾಗಿ ಬರೆದು, ಅದರ ವೇಗವನ್ನು ಸುಮಾರು ಆರುಪಟ್ಟು ಹೆಚ್ಚಿಸಿ, ಎರಡು ಸಾವಿರ ಸಾಲು ಉಳಿಸಿದ್ದರು. ನಮೂನೆಯಲ್ಲಿ ‘ಮೈನಸ್ 2000’ ಎಂದು ಬರೆದುಕೊಟ್ಟರು. ಕೆಲವು ವಾರಗಳಲ್ಲಿ ಅವರನ್ನು ನಮೂನೆ ಕೇಳುವುದೇ ನಿಂತಿತು.

ಹಾಗೆಂದು ಅಳತೆಯೇ ವ್ಯರ್ಥವಲ್ಲ. ಅಮೆರಿಕದ ಪ್ರಾಧ್ಯಾಪಕಿ ಗ್ಲೋರಿಯಾ ಮಾರ್ಕ್ 2004ರಲ್ಲಿ ಅಳೆದಾಗ ಜನರ ಗಮನ ಒಂದು ಪರದೆಯ ಮೇಲೆ ಸರಾಸರಿ ಎರಡೂವರೆ ನಿಮಿಷ ನಿಲ್ಲುತ್ತಿತ್ತು. ಅನಂತರದ ವರ್ಷಗಳ ಅಳತೆಗಳಲ್ಲಿ ಅದು ಸುಮಾರು 47 ಸೆಕೆಂಡಿಗೆ ಇಳಿದಿತ್ತು. ಮನಸ್ಸು ಎಷ್ಟು ಬಾರಿ ಹಾರಿತೆಂಬುದನ್ನು ಯಂತ್ರ ಎಣಿಸಬಲ್ಲುದು. ಎಲ್ಲಿ ಬೇರುಬಿಟ್ಟಿತೆಂಬುದನ್ನು ಅದು ಕಾಣಲಾರದು.

ಆ ರಾತ್ರಿ ಊಟಕ್ಕೆ ಬಡಿಸುತ್ತ ಹೆಂಡತಿ ಕೇಳಿದರು: “ಏನೂಂದ್ರೆ, ಇವತ್ತು ಎಷ್ಟು ಬಂತು?”

“ಮೂವತ್ತನಾಲ್ಕು. ನಮ್ಮ ಕಾಲದ ಲೆಕ್ಕದಲ್ಲಿ ಒಂದೇ ಅಂಕಕ್ಕೆ ಫೇಲು.”

“ಮತ್ತೆ ಮುಖದಲ್ಲಿ ಇಷ್ಟು ಕಳೆ?”

“ಕೆಲಸ ಆಯಿತಲ್ಲ!”

ಗೃಹಸ್ಥರು ಕಾವಲುಗಾರನನ್ನು ಹೊರಗೆ ಹಾಕಲಿಲ್ಲ. ಒಂದು ಕೆಲಸದಿಂದ ಇನ್ನೊಂದಕ್ಕೆ ಎಷ್ಟು ಸಲ ಹಾರಿದ್ದಾಯಿತೆಂಬುದನ್ನು ಮಾತ್ರ ಅವನಿಂದ ಕೇಳಿ ತಿಳಿಯುತ್ತಾರೆ. ಏನು ಹೊಳೆಯಿತೆಂಬುದನ್ನು ರಾತ್ರಿ ನೋಟು ಪುಸ್ತಕದಲ್ಲಿ ತಾವೇ ಒಂದು ಸಾಲು ಬರೆದಿಡುತ್ತಾರೆ. ಕೆಲವು ದಿನ ಪುಟ ಖಾಲಿಯಾಗಿಯೇ ಉಳಿಯುವುದುಂಟು. ಅಂಥ ದಿನ ಅಂಕ ತೊಂಬತ್ತು ಬಂದಿದ್ದರೂ ಅವರು ಹೆಂಡತಿಗೆ ಹೇಳುವುದಿಲ್ಲ.