ನಮ್ಮ ಮನೆಯ ಜೀಪಿನ ಜೀರ್ಣೋದ್ಧಾರ

ನಮ್ಮ ಕೊಟ್ಟಿಗೆಯಲ್ಲಿ ದನಗಳಿಲ್ಲದೆ ಹತ್ತು ವರ್ಷಗಳಾದುವು. ಈಗ ಅಲ್ಲಿ ನಿಂತಿರುವುದು ನಮ್ಮ ತೀರ್ಥರೂಪರ ಕಾಲದ ಒಂದು ಜೀಪು. ಹುಲ್ಲು ತಿನ್ನದಿದ್ದರೂ ಸಾಕುವ ವೆಚ್ಚದಲ್ಲಿ ಅದು ಎರಡು ಎಮ್ಮೆಗಳಿಗೆ ಕಡಮೆಯಿಲ್ಲವೆಂಬುದು ನನ್ನ ಗೃಹಿಣಿಯ ಅಭಿಪ್ರಾಯ. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಕುಮಟೆಯಲ್ಲಿ ಸಂಸ್ಕೃತ ಪಾಠ ಹೇಳಿದ ಮಾಸ್ತರನೊಬ್ಬನು ಅರುವತ್ತರ ಅಂಚಿನಲ್ಲಿ ಡೀಸೆಲಿನಲ್ಲಿ ಬೋಲ್ಟು ತೊಳೆಯುತ್ತ ಕುಳಿತುದನ್ನು ಕಂಡು ನೆರೆಹೊರೆಯವರು ನಕ್ಕುದೂ ಉಂಟು. ಆ ನಗೆಯನ್ನು ನಾನು ಸಹಿಸಿಕೊಂಡೆನು. ಆದರೆ ಈ ಕಾರ್ಯದಲ್ಲಿ ನಾನು ಮಾಡಿದ ಒಂದು ತಪ್ಪನ್ನು ಮಾತ್ರ ಸಹಿಸಿಕೊಳ್ಳಲಾರದೆ ಹೋದೆನಾದುದರಿಂದ ಅದನ್ನು ವಾಚಕರ ಮುಂದೆ ಇಡುತ್ತಿದ್ದೇನೆ.

ಈ ಬಂಡಿಯ ಕುಲಗೋತ್ರವನ್ನು ಮೊದಲು ಹೇಳಬೇಕು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕಾಗಿ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ೧೯೪೧ರಿಂದ ೧೯೪೫ರ ವರೆಗೆ ಇಂಥವನ್ನು ಆರು ಲಕ್ಷಕ್ಕೂ ಮಿಕ್ಕಿ ಕಟ್ಟಿದುವು. ಯುದ್ಧ ಮುಗಿದ ಮೇಲೆ ಅದೇ ಬಂಡಿಯು ರೈತರ ಸೇವೆಗೆ ನಿಂತಿತು. ನಮ್ಮ ದೇಶದಲ್ಲಿ ಮಹೀಂದ್ರರ ಸಂಸ್ಥೆಯು ಸ್ವಾತಂತ್ರ್ಯ ಬಂದ ಹೊಸತರಲ್ಲಿ ಮುಂಬಯಿಗೆ ಬಿಡಿಭಾಗಗಳನ್ನು ತರಿಸಿ ಜೋಡಿಸತೊಡಗಿ, ಕ್ರಮೇಣ ಇಲ್ಲಿಯೇ ತಯಾರಿಸಲಾರಂಭಿಸಿತು. ನಮ್ಮದು ಸಿಜೆ-೩ಬಿ ಎಂಬ ಜಾತಿಯದು. ಅಮೆರಿಕದಲ್ಲಿ ೧೯೫೩ರಲ್ಲಿ ಹುಟ್ಟಿ ೧೯೬೮ರಲ್ಲಿ ನಿಂತುಹೋದ ಈ ಜಾತಿಯು ಭಾರತದಲ್ಲಿ ಆಮೇಲೆಯೂ ಬಹುಕಾಲ ಬಾಳಿತು. ಇದರ ಎಂಜಿನಿನಲ್ಲಿ ಗಾಳಿ ಸೇರುವ ಕವಾಟಗಳು ತಲೆಯ ಮೇಲಿವೆ. ಹೊಗೆ ಹೊರಡುವವು ಪಕ್ಕದಲ್ಲಿವೆ. ಆದುದರಿಂದ ಎಂಜಿನು ಎತ್ತರವಾಯಿತು; ಅದನ್ನು ಮುಚ್ಚಲು ಬಾನೆಟ್ಟೂ ಎತ್ತರವಾಯಿತು. ಮೂಗು ಮೇಲೆತ್ತಿದ ಆ ಮುಖವನ್ನು ಒಮ್ಮೆ ಕಂಡವರು ಮರೆಯುವುದಿಲ್ಲ.

೧೯೬೯ರ ಈ ಜೀಪನ್ನು ತೀರ್ಥರೂಪರು ೧೯೭೪ರಲ್ಲಿ ಒಬ್ಬ ಕಂತ್ರಾಟುದಾರರಿಂದ ಕೊಂಡರು. ಹೊನ್ನಾವರದಿಂದ ಗೇರುಸೊಪ್ಪೆಗೆ ಹೋಗುವ ಹಾದಿಯಿಂದ ಒಳಗೆ, ಗುಡ್ಡದ ಮಗ್ಗುಲಲ್ಲಿ ನಮ್ಮ ಮನೆ. ಆಗ ಅಲ್ಲಿಗಿದ್ದುದು ಎತ್ತಿನ ಗಾಡಿಯ ಜಾಡು. ಮಳೆಗಾಲದಲ್ಲಿ ಅದೂ ಹಳ್ಳವಾಗುತ್ತಿದ್ದಿತು. ಗೇರಿನ ದಂಡದ ಪಕ್ಕದಲ್ಲಿ ಎರಡು ಗಿಡ್ಡ ದಂಡಗಳಿವೆ. ಒಂದನ್ನು ಎಳೆದರೆ ಮುಂದಿನ ಚಕ್ರಗಳಿಗೂ ಎಂಜಿನಿನ ಬಲ ಸೇರುತ್ತದೆ. ಇನ್ನೊಂದು ವೇಗವನ್ನು ತಗ್ಗಿಸಿ ಬಲವನ್ನು ಹೆಚ್ಚಿಸುತ್ತದೆ. ಹೀಗೆ ನಾಲ್ಕೂ ಚಕ್ರಗಳು ಮಣ್ಣನ್ನು ಕಚ್ಚಿಕೊಂಡು ಏರುತ್ತಿದ್ದುವು. ಒಣಗಿದ ಡಾಂಬರು ರಸ್ತೆಯಲ್ಲಿ ಮಾತ್ರ ಮುಂದಿನ ಚಕ್ರಗಳನ್ನು ಸೇರಿಸಲಾಗದು; ತಿರುವಿನಲ್ಲಿ ಮುಂದಿನವೂ ಹಿಂದಿನವೂ ಸಮನಾದ ದೂರ ಸಾಗುವುದಿಲ್ಲವಾಗಿ ಒಳಗಿನ ಹಲ್ಲುಗಾಲಿಗಳು ಒಂದನ್ನೊಂದು ಹಿಂಡುತ್ತವೆ. ತೀರ್ಥರೂಪರು ಈ ಬಂಡಿಯಲ್ಲಿ ಅಡಕೆಯ ಮೂಟೆಗಳನ್ನು ಕುಮಟೆಯ ಪೇಟೆಗೂ, ಹೆರಿಗೆಯ ಬೇನೆ ತಿನ್ನುತ್ತಿದ್ದ ಹೆಂಗಸರನ್ನು ಹೊನ್ನಾವರದ ಆಸ್ಪತ್ರೆಗೂ ಒಯ್ದರು. ದಾರಿಯಲ್ಲಿಯೇ ಇದರೊಳಗೆ ಹುಟ್ಟಿದ ಒಬ್ಬಾತನು ಈಗಲೂ ನಮ್ಮ ತೋಟದ ಕೆಲಸಕ್ಕೆ ಬರುತ್ತಾನೆ.

ತೀರ್ಥರೂಪರು ತೀರಿಕೊಂಡ ಬಳಿಕ ಜೀಪು ಮೂಲೆಗೆ ಬಿದ್ದಿತು. ಕರಾವಳಿಯ ಉಪ್ಪುಗಾಳಿಯೂ ನಾಲ್ಕು ತಿಂಗಳ ಮಳೆಯೂ ಸೇರಿದರೆ ಕಬ್ಬಿಣವನ್ನು ಗೆದ್ದಲಿನಂತೆ ತಿನ್ನುತ್ತವೆ. ೨೦೨೨ರ ದೀಪಾವಳಿಯ ರಜೆಯಲ್ಲಿ ನಾನು ಕೈಹಚ್ಚಿದಾಗ, ಕಾಲಿಡುವ ತಗಡಿನ ತೂತುಗಳಿಂದ ಕೊಟ್ಟಿಗೆಯ ನೆಲವು ಕಾಣುತ್ತಿದ್ದಿತು. ಭಟ್ಕಳದ ಒಬ್ಬ ಹಿರಿಯ ಮೇಸ್ತ್ರಿ ಸಾಹೇಬರು ವಾರಕ್ಕೊಮ್ಮೆ ಬಂದು ಗುರುಗಳಾದರು. ಎಂಟು ಜನ ಅಡಕೆಯ ಮರದ ದಬ್ಬೆಗಳನ್ನು ಅಡಿಗೆ ತೂರಿಸಿ ಮೇಲಿನ ಒಡಲನ್ನು ಎತ್ತಿ ಇಳಿಸಿದೆವು. ಬಿಚ್ಚಿದ ಪ್ರತಿಯೊಂದು ಬೋಲ್ಟನ್ನೂ ಡಬ್ಬಿಗಳಲ್ಲಿ ಇಟ್ಟು, ಅದು ಎಲ್ಲಿಯದೆಂದು ಚೀಟಿ ಅಂಟಿಸಿದೆನು. ಚಾಸಿಯ ತುಕ್ಕನ್ನು ಕೆರೆದು, ಕೊಳೆತ ಕಡೆ ಹೊಸ ತಗಡನ್ನು ಬೆಸೆಯಿಸಿ, ರೆಡ್ ಆಕ್ಸೈಡ್ ಬಳಿದು ಮೇಲೆ ಬಣ್ಣ ಕೊಟ್ಟೆವು. ಎಂಜಿನನ್ನು ಹುಬ್ಬಳ್ಳಿಗೆ ಕಳುಹಿಸಿ ಸಿಲಿಂಡರುಗಳನ್ನು ಕೊರೆಯಿಸಿ ಹೊಸ ಪಿಸ್ಟನ್ನುಗಳನ್ನು ಹಾಕಿಸಿದೆನು. ಹೀಗೆ ಒಂದೂವರೆ ವರ್ಷ ಸಂದಿತು.

ಇಷ್ಟರಲ್ಲಿ ಒಂದು ಧರ್ಮಸೂಕ್ಷ್ಮವು ಎದುರಾಯಿತು. ಹಳೆಯದನ್ನು ಹಳೆಯದಾಗಿಯೇ ಇಡಬೇಕೋ, ಇಂದಿನ ಕಾಲಕ್ಕೆ ತಕ್ಕಂತೆ ಸುಧಾರಿಸಬೇಕೋ? ಬೆಂಗಳೂರಿನಲ್ಲಿರುವ ನನ್ನ ಮಗನು, “ಅಪ್ಪಯ್ಯ, ಪೆಟ್ರೋಲು ಕುಡಿಯುವ ಈ ಎಂಜಿನನ್ನು ಕಿತ್ತುಹಾಕಿ ಡೀಸೆಲಿನದನ್ನು ಕೂರಿಸಿಬಿಡೋಣ, ಎಷ್ಟೋ ಜನ ಮಾಡಿದ್ದಾರೆ” ಎಂದನು. ಮೇಸ್ತ್ರಿ ಸಾಹೇಬರು ಎಂಜಿನಿನ ಮಾತೆತ್ತಲಿಲ್ಲ. ಅವರು ಹೇಳಿದುದು ಬ್ರೇಕಿನ ವಿಷಯ: “ಮಾಸ್ತರೇ, ಎರಡು ಕೋಣೆಯ ಮಾಸ್ಟರ್ ಸಿಲಿಂಡರು ಹಾಕಿಸಿ.” ನಾನು ಎರಡನ್ನೂ ಒಂದೇ ಉಸಿರಿಗೆ ನಿರಾಕರಿಸಿದೆನು. ಹಳೆಯ ಓಲೆಯ ಪ್ರತಿಯಲ್ಲಿ ತನಗೆ ತೋರಿದ ಅಕ್ಷರವನ್ನು ಸೇರಿಸುವ ಲಿಪಿಕಾರನ ಮೇಲೆ ನನಗಿರುವ ಸಿಟ್ಟೇ ಇಲ್ಲಿಯೂ ಕೆಲಸ ಮಾಡಿತು. ಮೂಲಪಾಠಕ್ಕೆ ಭಂಗ ಬರಬಾರದೆಂದು ಹಟ ಹಿಡಿದೆನು.

ಹಳೆಯ ಬ್ರೇಕಿನ ಕ್ರಮವನ್ನು ಇಲ್ಲಿ ತಿಳಿಸುವುದು ಅವಶ್ಯ. ಕಾಲಿನಿಂದ ಒತ್ತಿದಾಗ ಮಾಸ್ಟರ್ ಸಿಲಿಂಡರಿನಿಂದ ಎಣ್ಣೆಯು ಸಣ್ಣ ಕೊಳವೆಗಳಲ್ಲಿ ನುಗ್ಗಿ ನಾಲ್ಕೂ ಚಕ್ರಗಳ ಹಿಡಿತವನ್ನು ಬಿಗಿಯುತ್ತದೆ. ಕೋಣೆ ಒಂದೇ ಆದುದರಿಂದ ಯಾವ ಒಂದು ಚಕ್ರದಲ್ಲಿ ಸೋರಿದರೂ ನಾಲ್ಕರ ಬ್ರೇಕೂ ಒಮ್ಮೆಗೇ ಹೋಗುತ್ತದೆ. ಹೊಸ ಕ್ರಮದಲ್ಲಿ ಮುಂದಿನ ಚಕ್ರಗಳಿಗೆ ಒಂದು ಕೋಣೆ, ಹಿಂದಿನವಕ್ಕೆ ಒಂದು; ಒಂದು ಕೈಕೊಟ್ಟರೆ ಇನ್ನೊಂದು ಕಾಯುತ್ತದೆ. ಅದಲ್ಲದೆ ಬ್ರೇಕಿನ ಎಣ್ಣೆಗೆ ಗಾಳಿಯ ತೇವವನ್ನು ಹೀರುವ ಗುಣವುಂಟು. ನಮ್ಮ ಸೀಮೆಯ ಗಾಳಿಯಲ್ಲಿ ತೇವಕ್ಕೇನು ಬರ? ಎಣ್ಣೆಯೊಳಗೆ ನೀರು ಸೇರಿ ಸಿಲಿಂಡರನ್ನು ಒಳಗಿನಿಂದಲೇ ತುಕ್ಕು ಹಿಡಿಸುತ್ತದೆ.

೨೦೨೪ರ ನವೆಂಬರಿನ ಒಂದು ಬೆಳಗ್ಗೆ ಗೃಹಿಣಿಯನ್ನೂ ಎಂಟು ವರ್ಷದ ಮೊಮ್ಮಗಳನ್ನೂ ಕೂರಿಸಿಕೊಂಡು ಮನೆಯ ಇಳಿಜಾರಿನಲ್ಲಿ ಇಳಿಯುತ್ತಿದ್ದೆನು. ಕೆಳಗೆ ಹೆದ್ದಾರಿ ಕಾಣುವ ತಿರುವಿನಲ್ಲಿ ಬ್ರೇಕನ್ನು ಒತ್ತಿದರೆ ಕಾಲು ನೇರವಾಗಿ ತಗಡಿಗೆ ತಗಲಿತು. ಮತ್ತೊಮ್ಮೆ ಒತ್ತಿದೆನು, ಏನೂ ಇಲ್ಲ. ಗೇರನ್ನು ಕೆಳಗಿಳಿಸಿ ಕೈಬ್ರೇಕನ್ನು ಎಳೆದೆನು. ಈ ಬಂಡಿಯಲ್ಲಿ ಕೈಬ್ರೇಕಿಗೆ ಎಣ್ಣೆಯ ಸಂಬಂಧವಿಲ್ಲ. ಅದು ಹಿಂದಿನ ಚಕ್ರಗಳಿಗೆ ಬಲವನ್ನೊಯ್ಯುವ ದಂಡವನ್ನೇ ಹಿಡಿಯುತ್ತದೆ. ಅದು ಹಿಡಿದುದರಿಂದ ವೇಗ ತಗ್ಗಿತು. ನಾನು ಬಂಡಿಯನ್ನು ಪಕ್ಕದ ಧರೆಗೆ ಒರಗಿಸಿದೆನು. ಮಗುವಿನ ಹಣೆಯು ಮುಂದಿನ ತಗಡಿಗೆ ಬಡಿದು ಒಡೆಯಿತು. ಮೂರು ಹೊಲಿಗೆಗಳು ಬಿದ್ದುವು. ಇನ್ನು ಮೂವತ್ತು ಮಾರು ಮುಂದೆ ಹೆದ್ದಾರಿಯಲ್ಲಿ ಲಾರಿಗಳು ಓಡುತ್ತಿದ್ದುವು.

ಗೃಹಿಣಿಯು ಎರಡು ದಿನ ನನ್ನೊಡನೆ ಮಾತನಾಡಲಿಲ್ಲ. ಮೂರನೆಯ ದಿನ ಊಟಕ್ಕೆ ಬಡಿಸುವಾಗ ಇಷ್ಟೇ ಹೇಳಿದಳು: “ಮಾವನವರು ಈ ಗಾಡಿಯನ್ನು ಇಟ್ಟುಕೊಂಡದ್ದು ಜನರನ್ನು ಆಸ್ಪತ್ರೆಗೆ ಒಯ್ಯುವುದಕ್ಕೆ, ಆಸ್ಪತ್ರೆಗೆ ಹೋಗುವ ಹಾಗೆ ಮಾಡುವುದಕ್ಕಲ್ಲ.” ಮೇಸ್ತ್ರಿ ಸಾಹೇಬರು ಬಂದು ಹಿಂದಿನ ಚಕ್ರವೊಂದರ ಸೋರಿದ ಸಿಲಿಂಡರನ್ನು ತೋರಿಸಿ, “ಗಾಡಿ ನಿಮ್ಮದು ಮಾಸ್ತರೇ, ರಸ್ತೆ ಎಲ್ಲರದು” ಎಂದರು. ಎರಡು ಮಾತುಗಳಿಗೂ ನನ್ನ ಬಳಿ ಉತ್ತರವಿರಲಿಲ್ಲ.

ಆ ರಾತ್ರಿ, ಸಾವಿರ ಮಕ್ಕಳಿಗೆ ಹೇಳಿಕೊಟ್ಟ ಸಂಧಿಪ್ರಕರಣವು ನೆನಪಿಗೆ ಬಂದಿತು. ಆಗಮವು ಮಿತ್ರನಂತೆ ಬರುತ್ತದೆ, ಆದೇಶವು ಶತ್ರುವಿನಂತೆ ಬರುತ್ತದೆ ಎಂದು ವೈಯಾಕರಣರು ಹೇಳುವುದುಂಟು. ‘ಮನೆ’ಗೆ ‘ಅನ್ನು’ ಸೇರಿ ‘ಮನೆಯನ್ನು’ ಆಗುವಾಗ ನಡುವೆ ಬಂದ ಯಕಾರವು ಯಾರನ್ನೂ ಹೊರದೂಡದೆ ಇಬ್ಬರನ್ನೂ ಜೋಡಿಸುತ್ತದೆ. ‘ಮಳೆ’ಗೆ ‘ಕಾಲ’ ಸೇರಿ ‘ಮಳೆಗಾಲ’ವಾಗುವಾಗ ಗಕಾರವು ಕಕಾರವನ್ನು ಓಡಿಸಿ ಅದರ ಪೀಠದಲ್ಲಿ ಕೂರುತ್ತದೆ. ಎಂಜಿನನ್ನು ಕಿತ್ತು ಬೇರೊಂದನ್ನು ಇಡುವುದು ಆದೇಶ. ಜೀಪಿನ ಜೀವವೇ ಬದಲಾಗುತ್ತದೆ. ಬ್ರೇಕಿಗೆ ಇನ್ನೊಂದು ಕೋಣೆ ಬರುವುದು ಆಗಮ. ನಿಂತಿದ್ದುದು ನಿಲ್ಲುತ್ತದೆ, ಕುಳಿತವರು ಉಳಿಯುತ್ತಾರೆ. ಈ ಭೇದವನ್ನು ಹಲಗೆಯ ಮೇಲೆ ಬರೆದವನು ಕೊಟ್ಟಿಗೆಯಲ್ಲಿ ಮರೆತಿದ್ದೆನು.

ಅನಂತರ ಕೆಲಸವು ಸುಲಭವಾಯಿತು. ಎರಡು ಕೋಣೆಯ ಸಿಲಿಂಡರೂ ಹೊಸ ಕೊಳವೆಗಳೂ ಬಂದುವು. ಎರಡು ವರ್ಷಕ್ಕೊಮ್ಮೆ ಎಣ್ಣೆ ಬದಲಿಸುವ ದಿನವನ್ನು ಗೋಡೆಯ ಮೇಲೆ ಬರೆದಿಟ್ಟೆನು. ಆಸನಗಳಿಗೆ ಸೊಂಟದ ಪಟ್ಟಿಗಳು ಬಂದುವು. ಹಳೆಯ ವೈಪರು ಎಂಜಿನಿನ ಸೆಳೆತದಿಂದಲೇ ಆಡುತ್ತಿದ್ದಿತು. ಏರಿನಲ್ಲಿ ಎಂಜಿನಿಗೆ ಹೆಚ್ಚು ಪೆಟ್ರೋಲು ಕೊಟ್ಟೊಡನೆ ಸೆಳೆತ ಕುಗ್ಗಿ, ಘಟ್ಟದ ಜಡಿಮಳೆಯಲ್ಲಿ ಬೇಕಾದ ಹೊತ್ತಿಗೇ ಅದು ನಿದ್ದೆ ಹೋಗುತ್ತಿದ್ದಿತು. ಅಲ್ಲಿ ವಿದ್ಯುತ್ತಿನ ವೈಪರನ್ನು ಇಟ್ಟೆವು. ನಿಧಾನವಾಗಿ ಓಡುವಾಗ ಡೈನಮೋ ಬ್ಯಾಟರಿಗೆ ಸಾಲದಾದುದರಿಂದ ಆಲ್ಟರ್ನೇಟರನ್ನು ಕೂರಿಸಿದೆವು. ಈಗಿನ ಪೆಟ್ರೋಲಿನಲ್ಲಿ ಶೇಕಡಾ ೨೦ರಷ್ಟು ಎಥನಾಲು ಬೆರೆಯುವುದರಿಂದ ಹಳೆಯ ರಬ್ಬರು ಕೊಳವೆಗಳನ್ನೂ ತೆಗೆಸಿದೆನು. ಎಂಜಿನು, ಎರಡು ಗಿಡ್ಡ ದಂಡಗಳು, ಮೂಗೆತ್ತಿದ ಮುಖ ಇವು ಮಾತ್ರ ಹಾಗೆಯೇ ಉಳಿದುವು. ಮಗನೂ ಡೀಸೆಲಿನ ಮಾತನ್ನು ಬಿಟ್ಟನು.

ಸರಕಾರದ ನಿಯಮವೂ ಇದನ್ನೇ ಕೇಳಿತು. ೨೦೨೧ರ ನಿಯಮದಂತೆ, ಮೊದಲ ನೋಂದಣಿಯಾಗಿ ೫೦ ವರ್ಷ ಮೀರಿ ಮೂಲರೂಪದಲ್ಲಿಯೇ ಇರುವ ವಾಹನಗಳಿಗೆ ಬೇರೆಯೇ ಒಂದು ಗೌರವದ ನೋಂದಣಿಯುಂಟು. ಆದರೆ ಅಂಥವನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಇಲ್ಲವಾದರೆ ಐದೈದು ವರ್ಷಕ್ಕೊಮ್ಮೆ ಪರೀಕ್ಷೆಗೆ ಒಪ್ಪಿಸಿ ಸಾಮಾನ್ಯ ನೋಂದಣಿಯನ್ನೇ ಮುಂದುವರಿಸಬೇಕು. ಒಂದು ಕಾಲದಲ್ಲಿ ನಾನು ಮೊದಲನೆಯದಕ್ಕೆ ಆಸೆಪಟ್ಟವನು. ಈಗ ಎರಡನೆಯದನ್ನು ಆರಿಸಿದೆನು. ತೀರ್ಥರೂಪರ ಜೀಪು ನೋಡುವುದಕ್ಕಲ್ಲ, ಕರೆದರೆ ಹೊರಡುವುದಕ್ಕೆ ಇದ್ದುದು.

ಆ ಘಟನೆಯ ತರುವಾಯ ಗೃಹಿಣಿಯು ಜೀಪನ್ನು ಹತ್ತಿರಲಿಲ್ಲ, ನಾನೂ ಕರೆದಿರಲಿಲ್ಲ. ಕೆಲಸವೆಲ್ಲ ಮುಗಿದ ಮೇಲೆ ಪೂಜೆ ಮಾಡಿಸಲು ಇಡಗುಂಜಿಗೆ ಹೊರಟಾಗ ಆಕೆಯು ಹಣ್ಣುಕಾಯಿಯ ಚೀಲದೊಡನೆ ಬಂದು ಒಂದು ಕ್ಷಣ ನಿಂತು, “ಆ ತಿರುವಿನಲ್ಲಿ ನಿಲ್ಲಿಸಿ ತೋರಿಸಿರಿ” ಎಂದಳು. ತಿರುವಿನಲ್ಲಿ ಬ್ರೇಕು ಒತ್ತಿದೆನು. ಬಂಡಿಯು ನಿಂತಿತು. ಮಗುವು ಹಣೆಯ ಗೆರೆಯನ್ನು ಮುಟ್ಟಿಕೊಂಡು ನಕ್ಕಿತು. ಆಕೆಯು ಸೊಂಟದ ಪಟ್ಟಿಯನ್ನು ಇನ್ನೊಮ್ಮೆ ಎಳೆದು ನೋಡಿ, “ಇನ್ನು ನಡೆಯಿರಿ” ಎಂದಳು.