ತಗೊಂಡದ್ದೂ ಬರೆಯಬೇಕು, ಮರಳಿ ಕೊಟ್ಟದ್ದೂ ಬರೆಯಬೇಕು

ಈ ಸಲ ಗಾದೆ, ಕವಿತೆ, ಶಾಲೆಯ ಕಾರ್ಯಕ್ರಮ ಯಾವುದೂ ಇಲ್ಲ. ಕಂಪ್ಯೂಟರಿನ ಒಂದು ವಿಷಯ ಬರೆಯುತ್ತೇನೆ.

ನಮ್ಮ ಯೆಣೆಗೂರಿನಂಥ ಗಡಿ ಊರುಗಳಲ್ಲಿ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ. ಕನ್ನಡ ಪಠ್ಯಪುಸ್ತಕ ಸಿದ್ಧವಾಗುವುದು ಪುಣೆಯ ಬಾಲಭಾರತಿಯಲ್ಲಿ. ಜೂನ್ ತಿಂಗಳು ಬಂತೆಂದರೆ ಪಾಲಕರ ಪ್ರಶ್ನೆ ಒಂದೇ: "ಸರ್, ಕನ್ನಡದಾಗ ಕಲ್ತ್ರ ಮುಂದ ಕಂಪ್ಯೂಟರ್ ತಿಳೀತದೇನ್ರಿ?" ಕೆಲವರು ಉತ್ತರಕ್ಕೂ ಕಾಯುವುದಿಲ್ಲ, ದಾಖಲೆ ಕೇಳಿಕೊಂಡು ಹೋಗುತ್ತಾರೆ. ಪಟ ಕಡಿಮೆಯಾದರೆ ಶಾಲೆಯ ಗತಿ ಏನಾಗುತ್ತದೆ ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಪುಣೆಯ ಕಂಪನಿಯೊಂದರಲ್ಲಿ ಫರ್ಮ್‌ವೇರ್ ಬರೆಯುತ್ತಾನೆ. ಅಂದರೆ ಕಂಪ್ಯೂಟರಿನ ಗುಂಡಿ ಒತ್ತಿದ ಮೇಲೆ ವಿಂಡೋಸ್ ಅಥವಾ ಲಿನಕ್ಸ್ ಬರುವುದಕ್ಕೂ ಮೊದಲು ಓಡುವ ಪ್ರೋಗ್ರಾಂ. ಎಳ್ಳಮವಾಸ್ಯೆಗೆ ಊರಿಗೆ ಬಂದಿದ್ದ. ಹೊಲದಲ್ಲಿ ಚರಗ ಚೆಲ್ಲಿ ರೊಟ್ಟಿ, ಬಜ್ಜಿ ಊಟಕ್ಕೆ ಕುಳಿತಾಗ ಹುಡುಗನ ಮುಖ ಸಪ್ಪಗಿತ್ತು.

"ಒಂದು ನೆಟ್‌ವರ್ಕ್ ಕಾರ್ಡ್ ಮೂರು ವಾರದಿಂದ ಕಾಡ್ಲಿಕತ್ತದ್ರಿ ಸರ್. ಒಮ್ಮೆ ಚಾಲೂ ಆಗ್ಲಿಲ್ಲಂದ್ರ ಮತ್ತ ಎಷ್ಟು ಸಲ ಜೋಡಿಸಿದ್ರೂ ಬರೂದಿಲ್ಲ. ಮಷಿನ್ ಬಂದ್ ಮಾಡಿ ಹಚ್ಚಿದ್ರ ಸರಿ ಆಗ್ತದ. ಕನ್ನಡ ಮೀಡಿಯಂದವ್ರಿಗೆ ಇದು ತಿಳಿಯೂದಿಲ್ಲ ಅಂತ ನಮ್ಮ ಹಿರಿಯರು ಅಂದ್ರು."

ನನಗೆ ತುತ್ತು ಇಳಿಯಲಿಲ್ಲ. "ಹಂಗಾದ್ರ ಕನ್ನಡದಾಗೇ ಹೇಳಪಾ, ನಾನೂ ತಿಳ್ಕೋತೀನಿ" ಅಂದೆ. ಅವನು ಹೇಳಿದ್ದನ್ನು ನನ್ನ ರೀತಿಯಲ್ಲಿ ಬರೆಯುತ್ತೇನೆ.

ಈಗಿನ ಫರ್ಮ್‌ವೇರಿನ ಪದ್ಧತಿಗೆ ಯುಇಎಫ್‌ಐ ಎನ್ನುತ್ತಾರೆ. ಇಂಟೆಲ್‌ನವರು ಮಾಡಿದ ಇಎಫ್‌ಐ ಎಂಬುದರಿಂದ ಬೆಳೆದದ್ದು. 2005ರಿಂದ ಹಲವು ಕಂಪನಿಗಳ ವೇದಿಕೆಯೊಂದು ಅದನ್ನು ನೋಡಿಕೊಳ್ಳುತ್ತದೆ. ಅದರಲ್ಲಿ ಪ್ರತಿ ಸಾಧನಕ್ಕೆ ಒಂದು ಹ್ಯಾಂಡಲ್. ಅದನ್ನು ನಮ್ಮ ಶಾಲೆಯ ಪ್ರಯೋಗಶಾಲೆಯ ಕಪಾಟು ಅನ್ನಿ. ಕಪಾಟಿನೊಳಗಿನ ಒಂದೊಂದು ಉಪಕರಣ ಒಂದೊಂದು ಪ್ರೋಟೋಕಾಲ್, ಪ್ರತಿಯೊಂದಕ್ಕೂ 128 ಬಿಟ್‌ಗಳ ಗುರುತಿನ ಸಂಖ್ಯೆ. ಅದನ್ನು ಒಯ್ದು ಕೆಲಸ ಮಾಡುವವನು ಡ್ರೈವರ್.

ಮೊದಮೊದಲು ಹ್ಯಾಂಡಲ್‌ಪ್ರೋಟೋಕಾಲ್ ಎಂಬ ಒಂದೇ ದಾರಿ ಇತ್ತು. ಕೇಳಿದವರಿಗೆ ಉಪಕರಣ ಸಿಗುತ್ತಿತ್ತು, ಯಾರು ಒಯ್ದರೆಂಬ ದಾಖಲೆ ಇರುತ್ತಿರಲಿಲ್ಲ. ಆಮೇಲೆ ಡ್ರೈವರನ್ನು ತೆಗೆಯಬೇಕೆಂದರೆ ಯಾರ ಕೈಯಲ್ಲಿ ಏನಿದೆ ಎಂದು ತಿಳಿಯುವುದು ಹೇಗೆ? 2002ರ ಇಎಫ್‌ಐ 1.10ರಲ್ಲಿ ಓಪನ್‌ಪ್ರೋಟೋಕಾಲ್, ಕ್ಲೋಸ್‌ಪ್ರೋಟೋಕಾಲ್ ಬಂದವು. ಅಂದರೆ ರಜಿಸ್ಟರ್ ಬಂತು! ಯಾವ ಕಪಾಟು, ಯಾವ ಉಪಕರಣ, ಒಯ್ದವರು ಯಾರು, ಯಾವ ವರ್ಗಕ್ಕೆ: ಇಷ್ಟನ್ನೂ ಅದು ಬರೆದುಕೊಳ್ಳುತ್ತದೆ. ಮರಳಿಸುವಾಗ ಈ ನಾಲ್ಕೂ ಹಾಗೆಯೇ ಹೊಂದಬೇಕು. ಒಂದು ತಪ್ಪಿದರೂ ‘ಅಂಥ ನಮೂದು ಇಲ್ಲ’ ಎನ್ನುತ್ತದೆ, ಹಳೆಯ ನಮೂದು ಹಾಗೇ ಉಳಿಯುತ್ತದೆ.

ಒಯ್ಯುವ ರೀತಿಯೂ ಬೇರೆ ಬೇರೆ. ‘ಗೆಟ್’ ಎಂದು ತೆರೆದರೆ ಸುಮ್ಮನೆ ನೋಡಿದಂತೆ, ಮುಚ್ಚಬೇಕೆಂಬ ಕಡ್ಡಾಯವಿಲ್ಲ. ‘ಬೈ ಡ್ರೈವರ್’ ಎಂದು ತೆರೆದರೆ ‘ಇದು ಈಗ ನನ್ನ ಪಾಲಿಗೆ’ ಎಂದು ಸಹಿ ಮಾಡಿದಂತೆ. ಹಾಗೆಯೇ ಕೇಳಿಕೊಂಡು ಬಂದ ಇನ್ನೊಬ್ಬ ಡ್ರೈವರಿಗೆ ‘ಪ್ರವೇಶವಿಲ್ಲ’ ಎಂಬ ಉತ್ತರ, ತಾನೇ ಮತ್ತೆ ಕೇಳಿದರೆ ‘ಆಗಲೇ ಶುರುವಾಗಿದೆ’ ಎಂಬ ಉತ್ತರ. ‘ಎಕ್ಸ್‌ಕ್ಲೂಸಿವ್’ ಎಂದರೆ ಬೋರ್ಡ್ ಪರೀಕ್ಷೆಗೆ ಮುಖ್ಯೋಪಾಧ್ಯಾಯರೇ ಕೇಳಿದ ಹಾಗೆ. ಒಯ್ದವರಿಂದ ಮೊದಲು ಬಿಡಿಸಿ ಆಮೇಲೆ ಕೊಡಬೇಕು.

ಡ್ರೈವರಿಗೆ ಮೂರು ಕೆಲಸ. ‘ಸಪೋರ್ಟೆಡ್’ನಲ್ಲಿ ತೆರೆದು, ಸಾಧನ ತನಗೆ ಹೊಂದುತ್ತದೆಯೇ ನೋಡಿ, ಮುಚ್ಚಿಟ್ಟು ಬರಬೇಕು. ‘ಸ್ಟಾರ್ಟ್’ನಲ್ಲಿ ತೆರೆದು ಇಟ್ಟುಕೊಳ್ಳಬೇಕು. ‘ಸ್ಟಾಪ್’ನಲ್ಲಿ ಮುಚ್ಚಬೇಕು. ಹುಡುಗ ಇಷ್ಟನ್ನೂ ಸರಿಯಾಗಿ ಹೇಳಿದ.

ನಾನು ರಜಿಸ್ಟರ್ ಇಟ್ಟ ಮನುಷ್ಯ, ನನಗೆ ಬಂದ ಸಂಶಯ ಒಂದೇ. "ಸ್ಟಾರ್ಟಿನಾಗ ಸಹಿ ಮಾಡಿದ ಮ್ಯಾಲ, ಕಾರ್ಡ್ ತಯಾರಿರಲಿಲ್ಲಂತ ಕೆಲಸ ಅರ್ಧಕ್ಕ ನಿಂತ್ರ? ಆಗ ವಾಪಸ್ ಬರಕೊಳ್ಳೋರು ಯಾರು?"

ಹುಡುಗ ರೊಟ್ಟಿ ಕೈಯಲ್ಲೇ ಹಿಡಿದು ಕೂತ. "ಯಾರೂ ಬರಕೊಂಡಿಲ್ರಿ ಸರ್..."

ಸ್ಟಾರ್ಟ್ ಸೋತರೆ, ತೆರೆದದ್ದನ್ನು ಫರ್ಮ್‌ವೇರ್ ತಾನಾಗಿ ಮುಚ್ಚುವುದಿಲ್ಲ. ಸೋತ ಡ್ರೈವರೇ ಮುಚ್ಚಿ ಹೊರಬೀಳಬೇಕು. ಇಲ್ಲವಾದರೆ ಮುಂದಿನ ಸಲ ಅದೇ ಡ್ರೈವರ್ ಬಂದಾಗ ‘ಆಗಲೇ ಶುರುವಾಗಿದೆ’ ಎಂದು ಉತ್ತರ ಬರುತ್ತದೆ, ಶುರುವಾಗಿರುವುದಿಲ್ಲ! ಬೇರೆ ಡ್ರೈವರಿಗೂ ಬಾಗಿಲು ಮುಚ್ಚಿರುತ್ತದೆ. ರಜಿಸ್ಟರ್ ಇರುವುದು ಮೆಮೊರಿಯಲ್ಲಿ, ಮಷಿನ್ ಬಂದ್ ಮಾಡಿದರೆ ಅಳಿಸಿಹೋಗುತ್ತದೆ. ಅದಕ್ಕೇ ಆಮೇಲೆ ಎಲ್ಲವೂ ಸರಿ ಕಾಣುತ್ತದೆ. ಬಂದ್ ಮಾಡಿ ಹಚ್ಚಿದರೆ ಸರಿಯಾಯಿತು ಎಂದು ಬಿಟ್ಟುಬಿಡುವ ಚಟ ಈ ದೋಷವನ್ನು ಮೂರು ವಾರ ಸಾಕಿತ್ತು.

ಪುಣೆಗೆ ಹೋದ ಮೇಲೆ ಫೋನ್ ಮಾಡಿದ. ಯುಇಎಫ್‌ಐ ಶೆಲ್‌ನಲ್ಲಿ ಓಪನ್‌ಇನ್ಫೊ ಎಂಬ ಆಜ್ಞೆ ಇದೆಯಂತೆ, ಯಾರು ಏನನ್ನು ತೆರೆದಿದ್ದಾರೆ ಎಂದು ತೋರಿಸುತ್ತದೆ. ನೋಡಿದರೆ ಸೋತ ಡ್ರೈವರಿನ ಸಹಿ ಹಾಗೇ ಇತ್ತು. ಸೋಲುವ ದಾರಿಯಲ್ಲಿ ಮುಚ್ಚುವ ಸಾಲು ಸೇರಿಸಿದ, ಕಾರ್ಡ್ ಎರಡನೇ ಪ್ರಯತ್ನಕ್ಕೆ ಬಂತು. ಆದರೆ ಕಣ್ಣು ಮುಚ್ಚಿ ಎಲ್ಲಾ ಕಡೆ ಮುಚ್ಚುವ ಹಾಗೂ ಇಲ್ಲವಂತೆ. ಡ್ರೈವರ್ ಚೆನ್ನಾಗಿ ಓಡುತ್ತಿರುವಾಗ ಸಪೋರ್ಟೆಡ್‌ಗೆ ‘ಆಗಲೇ ಶುರುವಾಗಿದೆ’ ಎಂದು ಬಂದರೆ ಆಗ ಮುಚ್ಚಬಾರದು. ಮುಚ್ಚಿದರೆ ಓಡುತ್ತಿರುವ ಡ್ರೈವರಿನ ಸಹಿಯನ್ನೇ ಹೊಡೆದುಹಾಕಿದಂತೆ. ಈ ಸಲ ನೀನು ತೆರೆದಿದ್ದರೆ ಮಾತ್ರ ಮುಚ್ಚು, ಇಷ್ಟೇ ಲೆಕ್ಕ.

ಯುಗಾದಿಗೆ ಬಂದಾಗ 9ನೇ ಇಯತ್ತೆಯ ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ಹೇಳುತ್ತೇನೆ ಅಂದಿದ್ದಾನೆ. ಹ್ಯಾಂಡಲ್‌ಗೆ ಕನ್ನಡದಲ್ಲಿ ಏನನ್ನಬೇಕ್ರಿ ಎಂದು ಕೇಳಿದ. ‘ಹಿಡಿಕೆ’ ಅಂದೆ. ಅವನಿಗೆ ಒಪ್ಪಿಗೆಯಾಗಲಿಲ್ಲ, ಹ್ಯಾಂಡಲ್ ಅಂತಲೇ ಇರ್ಲಿ ಸರ್ ಅಂದ. ಇರಲಿ.